ದಾಲ್ಚಿನ್ನಿ ಎಣ್ಣೆ: ಹನಿ ಎಣಿಸಲು ಕಲಿತದ್ದು

ಕಲಬುರಗಿಯ ಚಳಿ ಎರಡೇ ತಿಂಗಳದ್ದಾದರೂ ಅವ್ವನ ಮೊಣಕಾಲಿಗೆ ಅಷ್ಟು ಸಾಕು. ಒಂದು ಡಿಸೆಂಬರ್ ರಾತ್ರಿ, ಮನೆಯಲ್ಲಿ ಮಾಡುವ ಸಾಬೂನಿನ ಪರಿಮಳಕ್ಕೆಂದು ತರಿಸಿದ್ದ ದಾಲ್ಚಿನ್ನಿ ತೊಗಟೆ ಎಣ್ಣೆಯನ್ನು ಏನೂ ಬೆರೆಸದೆ ಅಂಗೈಗೆ ಸುರುವಿಕೊಂಡು ಆಕೆಯ ಮೊಣಕಾಲಿಗೆ ತಿಕ್ಕಿದೆ. ಪಲಾವಿಗೆ ಹಾಕುವ ಚಕ್ಕೆಯದೇ ಎಣ್ಣೆ, ಏನಾದೀತು ಅಂದುಕೊಂಡಿದ್ದೆ. ಐದು ನಿಮಿಷ ಆಗಿರಲಿಲ್ಲ, "ಯವ್ವಾ, ಉರಿಲಿಕತ್ತದ, ಬೆಂಕಿ ಇಟ್ಟಂಗ ಆಗ್ಯದ" ಅಂದಳು ಅವ್ವ. ಗಾಬರಿಯಲ್ಲಿ ನೀರು ಸುರಿದೆ. ಉರಿ ತಗ್ಗಲಿಲ್ಲ. ಈ ಎಣ್ಣೆ ನೀರಿಗೆ ಕರಗುವುದಿಲ್ಲ. ಮೊದಲು ಅಡುಗೆಯ ಕುಸುಬಿ ಎಣ್ಣೆ ಹಚ್ಚಿ ಬಟ್ಟೆಯಿಂದ ಒರೆಸಿ, ಆಮೇಲೆ ಸಾಬೂನು ಹಾಕಿ ತೊಳೆಯಬೇಕಿತ್ತು. ಬೆಳಿಗ್ಗೆ ನೋಡಿದರೆ ಕೆಂಪಗೆ ಬೊಬ್ಬೆ. ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿ ಮಾಯಲು ಹತ್ತು ದಿನ ಹಿಡಿಯಿತು.

ತೊಗಟೆ ಎಣ್ಣೆಯಲ್ಲಿ ಬಹುಪಾಲು ಸಿನ್ನಮಾಲ್ಡಿಹೈಡ್ ಎಂಬ ರಾಸಾಯನಿಕ. ಚರ್ಮ ಉರಿಸುವುದೂ ಅದೇ, ಅಲರ್ಜಿ ಎಬ್ಬಿಸುವುದೂ ಅದೇ. ಎಲೆಯಿಂದ ತೆಗೆದದ್ದು ಬೇರೆ: ಅದರಲ್ಲಿ ಲವಂಗದಲ್ಲಿರುವ ಯೂಜಿನಾಲ್ ಹೆಚ್ಚು. ತೊಗಟೆಯದೋ ಎಲೆಯದೋ ಎಂದು ಬರೆಯದ ಬಾಟಲಿಯನ್ನು ನಾನೀಗ ಕೊಳ್ಳುವುದೇ ಇಲ್ಲ. ಮೈಗೆ ಹಚ್ಚಲು ತಜ್ಞರು ಹೇಳುವ ಮಿತಿ ತೊಗಟೆ ಎಣ್ಣೆಗೆ ಶೇ. 0.07, ಎಲೆ ಎಣ್ಣೆಗೆ ಶೇ. 0.6. ಸುಮಾರು 20 ಹನಿಗೆ 1 ಮಿ.ಲೀ. ಅಂತ ಹಿಡಿದರೆ, 100 ಮಿ.ಲೀ. ಕುಸುಬಿ ಎಣ್ಣೆಗೆ ತೊಗಟೆಯದು ಒಂದೇ ಹನಿ! ನಾನಂದು ಅಂಗೈಗೆ ಸುರುವಿಕೊಂಡದ್ದು ಎಷ್ಟೆಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ತೊಗಟೆಯದನ್ನು ಮೈಗೆ ಪೂರಾ ಬಿಟ್ಟೆ. ನನ್ನ ಬೆನ್ನಿಗೆ ಎಲೆ ಎಣ್ಣೆ, 100 ಮಿ.ಲೀ.ಗೆ 6 ಹನಿ. ಹೊಸ ಬಾಟಲಿ ತೆರೆದಾಗ ಬೆರೆಸಿದ ಎಣ್ಣೆಯನ್ನು ಮೊಣಕೈ ಒಳಮಗ್ಗುಲಿಗೆ ಒಂದಿಷ್ಟು ಹಚ್ಚಿ ಎರಡು ದಿನ ಕಾಯುತ್ತೇನೆ. ಮುಖಕ್ಕೆ, ಗಾಯಕ್ಕೆ ಬೇಡ. ಮಕ್ಕಳಿಗೆ, ಬಸುರಿಯರಿಗೆ ಬೇಡವೇ ಬೇಡ. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಚಹಾಕ್ಕೆ ಒಂದು ಹನಿ ಹಾಕಿ ಕುಡಿಯಬಹುದಾ ಅಂತ ಓಣಿಯ ಅಕ್ಕಂದಿರು ಕೇಳುತ್ತಾರೆ. ಬೇಡರೀ, ಚಕ್ಕೆ ತುಂಡೇ ಕುದಿಸಿರಿ ಅನ್ನುತ್ತೇನೆ.

ಉಳಿದ ತೊಗಟೆ ಎಣ್ಣೆ ಈಗ ಇರುವೆ ಸಾಲಿಗೆ. ಹತ್ತಿಗೆ ಎರಡು ಹನಿ ಹಾಕಿ, ಮಕ್ಕಳ ಕೈಗೆ ಸಿಗದಂತೆ ಕಪಾಟಿನ ಹಿಂದಿನ ಸಂದಿಗೆ ಇಡುತ್ತೇನೆ.

ಒಮ್ಮೆ ಚರ್ಮಕ್ಕೆ ಅಲರ್ಜಿ ಕೂತರೆ ಆಮೇಲೆ ಅತಿ ಸಣ್ಣ ಪ್ರಮಾಣವೂ ಅದನ್ನು ಕೆಣಕಬಹುದು. ಹಾಗಾಗಿ ಅವ್ವನ ಮೊಣಕಾಲಿಗೆ ಬರೀ ಕುಸುಬಿ ಎಣ್ಣೆ, ಉಗುರುಬೆಚ್ಚಗೆ ಕಾಯಿಸಿ. ಕೈ ಸೋಲುವವರೆಗೂ ತಿಕ್ಕುತ್ತೇನೆ.