ಜೀನ್ ಕಿಟ್‌ಗೆ ದುಡ್ಡು ಹಾಕುವ ಮೊದಲು ಮನೆಯವರ ಹಲ್ಲಿನ ಲೆಕ್ಕ ಬರೆಯಿರಿ

ನಾನು ಚಿಂತಾಮಣಿಯಲ್ಲಿ ಹಲ್ಲಿನ ಡಾಕ್ಟರು. ಈಚೆಗೆ ಉಗುಳು ಕಳಿಸಿ ಜೀನ್ ಪರೀಕ್ಷೆ ಮಾಡಿಸುವ ಕಿಟ್ ಬಗ್ಗೆ ಕೇಳುವವರು ಜಾಸ್ತಿ. "ಮೇಡಂ, ಜೀನ್ ಟೆಸ್ಟ್ ಮಾಡಿಸಿದರೆ ಮಗೂಗೆ ಮುಂದೆ ಹುಳುಕು ಬರುತ್ತಾ ಇಲ್ವಾ ಗೊತ್ತಾಗುತ್ತಂತೆ?" ಇಲ್ಲ, ಗೊತ್ತಾಗಲ್ಲ. ಹುಳುಕಿನಲ್ಲೂ ವಸಡಿನ ಕಾಯಿಲೆಯಲ್ಲೂ ಎಷ್ಟೋ ಜೀನ್‌ಗಳ ಚೂರುಪಾರು ಪಾಲಿದೆ. ಸಿಹಿ, ಶುಗರ್ ಕಾಯಿಲೆ, ಹೊಗೆಸೊಪ್ಪಿನ ಮುಂದೆ ಒಂದೊಂದರ ಪಾಲೂ ತೀರಾ ಕಮ್ಮಿ. ಆ ದುಡ್ಡು ಉಳಿಸಿ, ಒಂದು ಹಾಳೆ ತೆಗೆದುಕೊಳ್ಳಿ.

ಮಗು, ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜಿ ತಾತ, ಸೋದರಮಾವ, ಅತ್ತೆ, ಚಿಕ್ಕಪ್ಪ ಎಲ್ಲರ ಹೆಸರೂ ಬರೆಯಿರಿ. ಯಾರಿಗೆ ಯಾವ ವಯಸ್ಸಿನಲ್ಲಿ ಹಲ್ಲು ಅಲ್ಲಾಡಿತು? ಯಾವುದಾದರೂ ಹಲ್ಲು ಹುಟ್ಟಲೇ ಇಲ್ಲವಾ? ಹಲ್ಲು ಕಿತ್ತಾಗ ರಕ್ತ ನಿಲ್ಲದೆ ಒದ್ದಾಡಿದ್ದು ಉಂಟಾ? "ಅಜ್ಜಿಗೆ ನಲವತ್ತಕ್ಕೇ ಹಲ್ಲೆಲ್ಲ ಹೋಯಿತು" ಅಂದರೆ ಅಷ್ಟಕ್ಕೇ ವಂಶ ಅನ್ನಬೇಡಿ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರಾ ಕೇಳಿ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿದ್ದರೆ ಗಂಡ ಹೆಂಡತಿ ನಡುವೆ ಜೋಡಿ ಗೆರೆ ಎಳೆಯಿರಿ, ನಾವೂ ಹಾಗೇ ಬರೆಯುವುದು. ನಾಚಿಕೆ ಪಟ್ಟು ಇದನ್ನು ಮುಚ್ಚಿಡುವವರು ಬಹಳ. ನಮಗೆ ಬೇಕಾದದ್ದೇ ಅದು.

ಇನ್ನೊಂದು ಕಾಲಂ ನಮ್ಮ ಜಿಲ್ಲೆಗೇ ಬೇಕಾದದ್ದು. ಎಂಟು ವರ್ಷದವರೆಗೆ ಯಾವ ಊರು, ಯಾವ ನೀರು? ಬಾಗೇಪಲ್ಲಿ, ಗುಡಿಬಂಡೆ ಕಡೆ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿ ಇರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಬಿಳಿ ಇಲ್ಲವೇ ಕಂದು ಕಲೆ ಬೀಳಬಹುದು. ಮನೆಯಲ್ಲಿ ಎಲ್ಲರಿಗೂ ಹಾಗೇ ಇರುವುದರಿಂದ ಜನ "ನಮ್ಮ ವಂಶದ ಹಲ್ಲೇ ಹೀಗೆ" ಅನ್ನುತ್ತಾರೆ.

ಮಗುವನ್ನು ಬಿಸಿಲಿಗೆ ನಿಲ್ಲಿಸಿ ತುಟಿ ಎತ್ತಿ ನೋಡಿ. ನೀರಿನ ಕಲೆಯಾದರೆ ಅಡ್ಡಡ್ಡ ಬಿಳಿ ಗೆರೆ, ಸುಣ್ಣದಂಥ ಮಚ್ಚೆ. ಎಡಕ್ಕೆ ಹೇಗೋ ಬಲಕ್ಕೂ ಹಾಗೇ. ಹಾಲುಹಲ್ಲು ಹೆಚ್ಚಾಗಿ ಚೆನ್ನಾಗೇ ಇರುತ್ತದೆ. ಹಲ್ಲಿನ ಹೊರಗಿನ ಗಟ್ಟಿ ಪದರ, ಅಂದರೆ ಎನಾಮಲ್, ಸರಿಯಾಗಿ ಬೆಳೆಯದ ಅಮೆಲೋಜೆನೆಸಿಸ್ ಇಂಪರ್‌ಫೆಕ್ಟಾ ಎಂಬ ವಂಶದ ಕಾಯಿಲೆ ಆದರೆ ಹಾಲುಹಲ್ಲನ್ನೂ ಬಿಡುವುದಿಲ್ಲ. ಎನಾಮಲ್ ತೆಳ್ಳಗಿರುತ್ತದೆ, ಇಲ್ಲವೇ ಚಕ್ಕೆ ಏಳುತ್ತದೆ. ಬೆಂಗಳೂರಲ್ಲಿ ಕಾವೇರಿ ನೀರು ಕುಡಿದು ಬೆಳೆದ ದೊಡ್ಡಪ್ಪನ ಮಕ್ಕಳಿದ್ದರೆ ಅವರ ಹಲ್ಲೂ ನೋಡಿ. ಅವರಿಗೂ ಹೀಗೇ ಇದ್ದರೆ ಆಗ ಜೀನ್ ಮಾತಾಡೋಣ.

ಆರ್ಯವೈಶ್ಯರ ಮನೆಗಳಿಗೆ ಒಂದು ಮಾತು. ಈ ಸಮುದಾಯದ ಕೆಲವರಲ್ಲಿ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಹುಟ್ಟಿನಿಂದಲೇ ಕಮ್ಮಿ. ಪೂರ್ತಿ ಅರಿವಳಿಕೆಯಲ್ಲಿ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧಿ ನಿಮಿಷಗಳಲ್ಲಿ ಇಳಿಯಬೇಕು, ಇವರಲ್ಲಿ ಗಂಟೆಗಟ್ಟಲೆ ಇಳಿಯುವುದಿಲ್ಲ. ಅಷ್ಟು ಹೊತ್ತೂ ತಾವಾಗಿ ಉಸಿರಾಡಲು ಆಗುವುದಿಲ್ಲ. ಬುದ್ಧಿಹಲ್ಲನ್ನು ಪೂರ್ತಿ ನಿದ್ದೆ ಬರಿಸಿ ತೆಗೆಯುವುದಾದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ. ಕಿಣ್ವದ ರಕ್ತ ಪರೀಕ್ಷೆ ಸಾಕು. ಹಲ್ಲಿನ ಜಾಗ ಮಾತ್ರ ಮರಗಟ್ಟಿಸಲು ನಾವು ಕೊಡುವ ಲಿಗ್ನೊಕೇನ್ ಸೂಜಿಗೆ ಈ ಭಯ ಇಲ್ಲ.

ಹಾಗಾದರೆ ಜೀನ್ ಪರೀಕ್ಷೆ ಯಾವಾಗ? ಬುದ್ಧಿಹಲ್ಲು ಬಿಟ್ಟು ಆರು ಅಥವಾ ಹೆಚ್ಚು ಹಲ್ಲು ಹುಟ್ಟದೇ ಇದ್ದರೆ. ಆಗಲೇ ಹೇಳಿದ ಹಾಗೆ ಎನಾಮಲ್ ತೆಳ್ಳಗಿದ್ದರೆ, ಇಲ್ಲವೇ ಚಕ್ಕೆ ಏಳುತ್ತಿದ್ದರೆ. ಮೂರು ನಾಲ್ಕು ವರ್ಷಕ್ಕೇ ಹಾಲುಹಲ್ಲು ಅಲ್ಲಾಡಿ ಉದುರಿ, ಜೊತೆಗೆ ಅಂಗೈ ಅಂಗಾಲು ದಪ್ಪಗಾಗಿದ್ದರೆ. ಕೊನೆಯದು ಪ್ಯಾಪಿಲಾನ್ ಲೆಫೆವ್ರ್ ಎಂಬ ಕಾಯಿಲೆ, ಸಿಟಿಎಸ್‌ಸಿ ಎಂಬ ಜೀನ್ ಕೆಟ್ಟು ಬರುವುದು. ಅಪ್ಪ ಅಮ್ಮನ ಹಲ್ಲು ಗಟ್ಟಿಯಾಗೇ ಇರುತ್ತದೆ, ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಗುವಿಗೆ ಬರುತ್ತದೆ. ಸಂಬಂಧದಲ್ಲೇ ಮದುವೆಯಾದವರಲ್ಲಿ ಇಬ್ಬರ ಬಳಿಯೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಜಾಸ್ತಿ, ಜೋಡಿ ಗೆರೆ ಕೇಳಿದ್ದು ಇದಕ್ಕೇ.

ಇಂಥ ಮಕ್ಕಳನ್ನು ನಾನು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ಗೆ ಕಳಿಸುತ್ತೇನೆ. ಹೋಗುವಾಗ ಈ ಹಾಳೆ, ಹಳೆಯ ಎಕ್ಸ್‌ರೇ, ಮಗು ನಗುತ್ತಿರುವ ಹಳೇ ಫೋಟೋ ತೆಗೆದುಕೊಂಡು ಹೋಗಿ. ಉದುರಿದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದಿಲ್ಲ ತಾನೆ? ಇದ್ದರೆ ಡಬ್ಬಿಗೆ ಹಾಕಿ ಅದನ್ನೂ ಒಯ್ಯಿರಿ.