ಜಿರಾ ಕ್ಲೌಡ್‌ಗೆ ಹೋಗುವ ಮುನ್ನ ಪ್ಲಗಿನ್ ಪಟ್ಟಿ ನೋಡಿ

ಇನ್ನೂ ಆಫೀಸಿನ ಸ್ವಂತ ಮಷಿನ್‌ನಲ್ಲಿ ಜಿರಾ ಸರ್ವರ್ ಓಡಿಸುತ್ತಿರುವ ತಂಡಗಳಿಗೆ ಒಂದು ಮಾತು. ಜಿರಾ ಅಂದರೆ ತಂಡದ ಕೆಲಸಗಳ ಲೆಕ್ಕ ಇಡುವ, ಅಟ್ಲಾಸಿಯನ್ ಕಂಪನಿಯ ಸಾಫ್ಟ್‌ವೇರ್. ಆ ಆವೃತ್ತಿಗೆ ಅಟ್ಲಾಸಿಯನ್ ಬೆಂಬಲ 2024ರ ಫೆಬ್ರವರಿ 15ಕ್ಕೇ ಮುಗಿದಿದೆ.

ಕ್ಲೌಡ್‌ಗೆ, ಅಂದರೆ ಅಟ್ಲಾಸಿಯನ್ ತಾನೇ ನಡೆಸುವ ಆವೃತ್ತಿಗೆ, ಡೇಟಾ ಸಾಗಿಸಲು ಕ್ಲೌಡ್ ಮೈಗ್ರೇಷನ್ ಅಸಿಸ್ಟೆಂಟ್ ಎಂಬ ಟೂಲ್ ಇದೆ, ಅದು ಅಷ್ಟು ಕಷ್ಟವಲ್ಲ. ನಿಜವಾದ ತಲೆನೋವು ಪ್ಲಗಿನ್‌ಗಳದ್ದು, ಅಂದರೆ ಜಿರಾಗೆ ಸೇರಿಸಿಕೊಂಡ ಹೆಚ್ಚುವರಿ ಸೌಲಭ್ಯಗಳದ್ದು. ಹೆಸರು ಒಂದೇ ಇದ್ದರೂ ಕ್ಲೌಡ್‌ನಲ್ಲಿ ಕೆಲಸ ಮಾಡುವ ರೀತಿ ಬೇರೆ. ಜಿರಾದಲ್ಲಿ ನಮ್ಮದೇ ಸ್ಕ್ರಿಪ್ಟ್ ಓಡಿಸಲು ಬಿಡುವ ಸ್ಕ್ರಿಪ್ಟ್‌ರನ್ನರ್ ಪ್ಲಗಿನ್ ತಗೊಳ್ಳಿ. ಸರ್ವರ್‌ನಲ್ಲಿ ಗ್ರೂವಿ ಭಾಷೆಯ ಸ್ಕ್ರಿಪ್ಟ್ ನೇರವಾಗಿ ಜಿರಾದ ಜಾವಾ ಎಪಿಐ (ಪ್ರೋಗ್ರಾಂಗಳು ಪರಸ್ಪರ ಮಾತಾಡುವ ದಾರಿ) ಬಳಸುತ್ತದೆ. ಕ್ಲೌಡ್‌ನಲ್ಲಿ ವೆಬ್ ಮೇಲೆ ನಡೆಯುವ ರೆಸ್ಟ್ ಎಪಿಐ ಮೂಲಕವೇ ಹೋಗಬೇಕು. ಅಂದರೆ ಹಳೆಯ ಸ್ಕ್ರಿಪ್ಟ್‌ಗಳನ್ನು ಮತ್ತೆ ಬರೆಯಬೇಕು, ವರ್ಕ್‌ಫ್ಲೋಗಳನ್ನು (ಕೆಲಸ ಸಾಗುವ ಹಂತಗಳನ್ನು) ಮತ್ತೆ ಪರೀಕ್ಷಿಸಬೇಕು. ಈ ಕೆಲಸಕ್ಕೆ ಮ್ಯಾನೇಜರ್ ಹತ್ತಿರ ಮೊದಲೇ ಸಮಯ ಕೇಳಿಟ್ಟುಕೊಳ್ಳಿ. ಯಾರೂ ಮುಟ್ಟದ ಪ್ಲಗಿನ್‌ಗಳನ್ನು ಸುಮ್ನೆ ಹೊತ್ತುಕೊಂಡು ಹೋಗಬೇಡಿ, ಈಗಲೇ ತೆಗೆದುಹಾಕಿ.

ಕ್ಲೌಡ್ ಬಳಕೆದಾರರನ್ನು ಗುರುತಿಸುವುದು ಇಮೇಲ್‌ನಿಂದ. ಇಬ್ಬರಿಗೆ ಒಂದೇ ಇಮೇಲ್ ಇದ್ದರೆ, ಅಥವಾ ಇಮೇಲ್ ಖಾಲಿ ಇದ್ದರೆ, ಮೊದಲು ಸರಿಪಡಿಸಿ. ಕೆಲಸ ಬಿಟ್ಟು ಹೋದವರ ಖಾತೆಗಳನ್ನೂ ನೋಡಿ. ಲೈಸೆನ್ಸ್ ಹಣ ತಲೆಲೆಕ್ಕದಲ್ಲಿ ಅಲ್ವಾ?

ಅಟ್ಯಾಚ್‌ಮೆಂಟ್‌ಗಳು ಜಾಸ್ತಿ ಇದ್ದರೆ ಅವನ್ನು ಮುಂಚಿತವಾಗಿ ಬೇರೆಯಾಗಿ ಕಳಿಸಬಹುದು. ಆಗ ಕೊನೆಯ ದಿನ ಸಿಸ್ಟಮ್ ನಿಲ್ಲಿಸುವ ಸಮಯ ಕಡಿಮೆಯಾಗುತ್ತದೆ. ಅದಕ್ಕೂ ಮುಂಚೆ ಒಂದು ಟ್ರಯಲ್ ಸೈಟ್‌ಗೆ ಪೂರ್ತಿ ಸಾಗಿಸಿ, ಟೆಸ್ಟರ್‌ಗಳ ಕೈಗೆ ಕೊಡಿ.