ರೀಡ್ ಕೊಟ್ಟ -1 ಎಲ್ಲಿ ಕಳೆದುಹೋಗ್ತದೆ, ಅದನ್ನ ಸರಿ ಮಾಡೋದು ಹೇಗೆ

ಶಿರಸಿ ಮಾರ್ಕೆಟ್ಟಿನ ಅಡಿಕೆ ರೇಟ್ ಫೈಲ್ ಓದೋ ಒಂದು ಸಣ್ಣ ಸಿ ಲೈಬ್ರರಿ ಇದೆ ಅಂದ್ಕೊಳ್ಳಿ, ಚಾಲಿ, ರಾಶಿ, ತಟ್ಟಿಬೆಟ್ಟೆ, ಕೆಂಪುಗೋಟು ಅಂತ ಹೆಸರೆಲ್ಲ ಕನ್ನಡದಲ್ಲೇ, ಪಕ್ಕದಲ್ಲಿ ಕ್ವಿಂಟಲ್ ರೇಟು. ತಳದಲ್ಲಿ ಒಂದೇ ಫಂಕ್ಷನ್, ರೀಡ್ (ಫೈಲಿಂದ ಬೈಟ್ ತಂದುಕೊಡೋ ಸಿಸ್ಟಮ್ ಫಂಕ್ಷನ್) ಕರೆದು ಕರೆದು ಬಫರ್ (ಓದಿದ್ದನ್ನ ಇಡೋ ಮೆಮೊರಿ ಜಾಗ) ತುಂಬ್ತದೆ, ಎಷ್ಟು ಬೈಟ್ ಓದಿತು ಅಂತ ಟೋಟಲ್ ಇಟ್ಕೊಳ್ತದೆ. ದಿನಾ ಸರಿ ನಡೀತದೆ, ಪೆನ್‌ಡ್ರೈವ್ ಕೈಕೊಟ್ಟ ದಿನ ಮಾತ್ರ ಎರರ್ ಹೇಳೋದು ಬಿಟ್ಟು ಪೂರ್ತಿ ಓದಿದೆ ಅಂತದೆ.

ಯಾಕಂದ್ರೆ ರೀಡ್ ವಾಪಸ್ ಕೊಡೋದು ಎಸ್‌ಸೈಜ್_ಟಿ, ಮೈನಸ್ ಹಿಡಿಯೋ ಟೈಪು, ಫೇಲ್ ಆದ್ರೆ -1. ಅದನ್ನ ಮೈನಸ್ ಹಿಡಿಯದ ಸೈಜ್_ಟಿ ವೇರಿಯಬಲ್‌ಗೆ ಹಾಕಿದ್ರೆ 64 ಬಿಟ್ ಮಷಿನ್ನಲ್ಲಿ ಅದು 18446744073709551615 ಆಗಿಬಿಡ್ತದೆ, ಆಮೇಲೆ ಸೊನ್ನೆಗಿಂತ ಕಮ್ಮಿನಾ ಅಂತ ಎಷ್ಟು ಕೇಳಿದ್ರೂ ಇಲ್ಲ ಅಂತ್ಲೇ ಉತ್ರ. ಮೊದಲನೇ ಸುತ್ತಲ್ಲೇ ಹೀಗಾದ್ರೆ ಟೋಟಲ್ಲೂ ಅಷ್ಟೇ ದೊಡ್ಡದಾಗಿ ಲೂಪ್ ಮುಗೀತದೆ.

ಹಂಗಂತ ಎಲ್ಲದಕ್ಕೂ ಇಂಟ್ (ಮೈನಸ್ ಹಿಡಿಯೋ, ಆದ್ರೆ ಚಿಕ್ಕ ಟೈಪು) ಹಾಕಿ ಬಿಡೋದೂ ತಪ್ಪು. ಲಿನಕ್ಸಲ್ಲಿ ಒಂದು ರೀಡ್ ಹೆಚ್ಚಂದ್ರೆ 2147479552 ಬೈಟ್ ಕೊಡ್ತದೆ, ಅದು ಇಂಟ್‌ನಲ್ಲಿ ಹಿಡೀತದೆ, ಅದಕ್ಕೇ ಬಗ್ ಕಣ್ಣಿಗೆ ಬೀಳಲ್ಲ, ಆದ್ರೆ ಎರಡನೇ ಸುತ್ತಿನ ಬೈಟ್ ಸೇರ್ತಿದ್ದಂಗೆ ಟೋಟಲ್ ಇಂಟ್ ಹಿಡಿಯೋ ಅತಿ ದೊಡ್ಡ ಸಂಖ್ಯೆ 2147483647 ದಾಟಿ ಹೋಗಬಹುದು.

ಮೊದ್ಲು ಜಿಸಿಸಿಗೆ (ಸಿ ಕಂಪೈಲರ್) ಡಬ್ಲ್ಯೂ-ಎಕ್ಸ್‌ಟ್ರಾ (-Wextra), ಡಬ್ಲ್ಯೂ-ಕನ್ವರ್ಷನ್ (-Wconversion) ಅನ್ನೋ ವಾರ್ನಿಂಗ್ ಆಯ್ಕೆ ಎರಡೂ ಕೊಟ್ಟು ಕಂಪೈಲ್ ಮಾಡಿ, ಸಿ ಕೋಡಿಗೆ ಬರೀ ಡಬ್ಲ್ಯೂ-ಆಲ್ (-Wall) ಇದನ್ನ ಹಿಡಿಯಲ್ಲ. ವಾರ್ನಿಂಗ್ ಬಂದ ಕೂಡ್ಲೇ ಅಲ್ಲೊಂದು ಕಾಸ್ಟ್ (ಬಲವಂತದ ಟೈಪ್ ಬದಲಾವಣೆ) ತುರುಕಬೇಡಿ ದಯವಿಟ್ಟು, ಅದು ಸೋರೋ ಮಾಡಿಗೆ ಒಳಗಿಂದ ಸುಣ್ಣ ಬಳಿದ ಹಾಗೆ. ಡಿಕ್ಲೇರ್ ಮಾಡಿದ ಜಾಗದಲ್ಲೇ ಟೈಪ್ ಬದಲಿಸಿ: ರೀಡಿನ ಉತ್ರಕ್ಕೆ ಎಸ್‌ಸೈಜ್_ಟಿ, ಉದ್ದಕ್ಕೂ ಟೋಟಲ್ಲಿಗೂ ಸೈಜ್_ಟಿ, ಫಂಕ್ಷನ್ ವಾಪಸ್ ಕೊಡೋದೂ ಎಸ್‌ಸೈಜ್_ಟಿ. ಕೇಳಿದ ಉದ್ದ ಎಸ್‌ಸೈಜ್_ಮ್ಯಾಕ್ಸ್ (ಎಸ್‌ಸೈಜ್_ಟಿ ಹಿಡಿಯೋ ಅತಿ ದೊಡ್ಡ ಬೆಲೆ) ದಾಟಿದ್ರೆ ಶುರುವಲ್ಲೇ ಇನ್‌ವ್ಯಾಲಿಡ್ ಅಂತ ವಾಪಸ್ ಕಳಿಸಿ. ಲೂಪ್ ಒಳಗೆ ಮೈನಸ್ಸಾ ಅಂತ ಮೊದ್ಲು ನೋಡಿ (ಸಿಸ್ಟಮ್ ಕಳಿಸಿದ ಸಿಗ್ನಲ್ ಬಂದು ಓದು ಅರ್ಧಕ್ಕೆ ನಿಂತಿದ್ರೆ ಮತ್ತೆ ಓದಿ, ಬೇರೆ ಎರರ್ ಆದ್ರೆ -1 ವಾಪಸ್ ಕೊಡಿ), ಸೊನ್ನೆ ಆದ್ರೆ ಫೈಲ್ ಮುಗೀತು, ಇವೆರಡೂ ಅಲ್ಲ ಅಂತಾದ್ಮೇಲೇ ಸೈಜ್_ಟಿಗೆ ಕಾಸ್ಟ್ ಮಾಡಿ ಟೋಟಲ್ಲಿಗೆ ಸೇರಿಸಿ. ಈ ಕಾಸ್ಟ್ ಸರಿ, ಬೆಲೆ ಪಾಸಿಟಿವ್ ಅಂತ ಆಗ್ಲೇ ನೋಡಿ ಆಗಿದೆ.

ಹೆಡರ್ ಫೈಲಲ್ಲಿರೋ (ಬೇರೆ ಪ್ರೋಗ್ರಾಮಿಗೆ ಫಂಕ್ಷನ್ ಪರಿಚಯಿಸೋ ಫೈಲ್) ಡಿಕ್ಲರೇಷನ್ ಬದಲಿಸೋದು ಮರೀಬೇಡಿ, ಈ ಫಂಕ್ಷನ್ ಕರೆಯೋ ಕಡೆ ಉತ್ರನ ಇಂಟ್‌ನಲ್ಲಿ ಇಟ್ಟಿದ್ರೆ ಅದನ್ನೂ ಬದಲಿಸ್ಬೇಕು, ಕರೆಯೋ ಪ್ರೋಗ್ರಾಮೆಲ್ಲ ಮತ್ತೆ ಕಂಪೈಲ್ ಆಗ್ಲೇಬೇಕು.

ಇನ್ನೊಂದು, ಕನ್ನಡ ಓದೋರಿಗೆ ಇದು ಮುಖ್ಯ. ಚಾಲಿಯ ಚ ಅಕ್ಷರ ಯುಟಿಎಫ್-8ರಲ್ಲಿ (ಅಕ್ಷರವನ್ನ ಬೈಟ್ ಮಾಡೋ ಪದ್ಧತಿ) 224, 178, 154 ಅಂತ ಮೂರು ಬೈಟು, ಇಂಟೆಲ್ ಲ್ಯಾಪ್‌ಟಾಪಲ್ಲಿ ಕ್ಯಾರ್ (ಒಂದು ಬೈಟಿನ ಟೈಪು) ಮೈನಸ್ ಹಿಡಿಯೋದ್ರಿಂದ 224 ಅನ್ನೋದು -32 ಆಗ್ತದೆ, ಅದನ್ನ ಹಂಗೇ ಈಸ್‌ಸ್ಪೇಸ್‌ಗೆ (ಖಾಲಿ ಜಾಗದ ಅಕ್ಷರವಾ ಅಂತ ನೋಡೋ ಫಂಕ್ಷನ್) ಕೊಡಬಾರದು, ಅನ್‌ಸೈನ್ಡ್ ಕ್ಯಾರ್ ಮಾಡಿ ಕೊಡಿ. ಆರ್ಮ್ ಲಿನಕ್ಸಲ್ಲಿ ಕ್ಯಾರ್‌ಗೆ ಮೈನಸ್ ಇಲ್ಲ, ಹಾಗಾಗಿ ರಾಸ್ಪ್‌ಬೆರಿ ಪೈನಲ್ಲಿ ಸರಿ ನಡೆದ್ರೆ ಎಲ್ಲಾ ಕಡೆ ನಡೀತದೆ ಅಂತಿಲ್ಲ.

ಕೊನೆಗೆ ಟೆಸ್ಟ್ ಮಾಡೋಕೆ ಪೆನ್‌ಡ್ರೈವ್ ಕೆಡೋ ತನಕ ಕಾಯೋದು ಬೇಡ, ಲಿನಕ್ಸಲ್ಲಿ ಫೈಲ್ ಬದಲು ಒಂದು ಫೋಲ್ಡರ್ ಓಪನ್ ಮಾಡಿ ಕೊಡಿ, ರೀಡ್ ಫೇಲ್ ಆಗ್ತದೆ, ನಿಮ್ಮ ಫಂಕ್ಷನ್ನೂ -1 ಕೊಡ್ಬೇಕು.